ಐಸ್ ಹಾಕಿಯಲ್ಲಿ ಸಮಫಲದ ನಿರ್ಣಯ

ಅಮೆರಿಕದ ಬಾಸ್ಟನ್ ಪ್ರದೇಶದ ನಾಲ್ಕು ವಿದ್ಯಾಸಂಸ್ಥೆಗಳು 1952ರಿಂದ ‘ಬೀನ್‌ಪಾಟ್’ ಎಂಬ ಐಸ್ ಹಾಕಿ ಪಂದ್ಯಾವಳಿಯನ್ನು ನಡೆಸುತ್ತ ಬಂದಿವೆ. 2023ರ ಅಂತಿಮ ಪಂದ್ಯದಲ್ಲಿ ನಾರ್ತ್ಈಸ್ಟರ್ನ್ ತಂಡವು ಹಾರ್ವರ್ಡ್ ತಂಡವನ್ನು ಸೋಲಿಸಿ ಪಾರಿತೋಷಕವನ್ನು ಪಡೆಯಿತು. ಆದರೆ ಎನ್‌ಸಿಎಎ ಎಂಬ ರಾಷ್ಟ್ರೀಯ ಕಾಲೇಜು ಕ್ರೀಡಾಸಂಸ್ಥೆಯ ದಾಖಲೆಯಲ್ಲಿ ಅದೇ ಪಂದ್ಯವು 2–2ರ ಸಮಫಲವೆಂದು ನಮೂದಾಗಿದೆ. ಗೆದ್ದವರಿದ್ದೂ ಗೆಲುವಿಲ್ಲದ ಈ ವೈಚಿತ್ರ್ಯಕ್ಕೆ ಕಾರಣವೇನೆಂಬುದನ್ನು ಇಲ್ಲಿ ವಿಚಾರ ಮಾಡುತ್ತೇವೆ.

ಐಸ್ ಹಾಕಿಯನ್ನು ಕಾಣದ ವಾಚಕರಿಗೆ ಎರಡು ಮಾತು. ಹಿಮಗಟ್ಟಿಸಿದ ಅಂಗಣದಲ್ಲಿ ಸ್ಕೇಟುಗಳನ್ನು ತೊಟ್ಟು, ಚೆಂಡಿಗೆ ಬದಲಾಗಿ ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಹೊಡೆದಾಡುವ ಆಟವಿದು. ಪ್ರತಿಪಕ್ಷಕ್ಕೂ ಐವರು ಆಟಗಾರರು ಮತ್ತು ಗೋಲನ್ನು ಕಾಯುವವನೊಬ್ಬ. ಇಪ್ಪತ್ತು ಮಿನಿಟುಗಳ ಮೂರು ಅವಧಿಗಳು. ಈ ಅರವತ್ತು ಮಿನಿಟುಗಳ ತರುವಾಯವೂ ಗೋಲುಗಳು ಸಮವಾಗಿದ್ದರೆ ಸಮಸ್ಯೆಯು ಹುಟ್ಟುತ್ತದೆ.

2020–21ರಿಂದೀಚೆಗೆ ಸಾಮಾನ್ಯ ಋತುವಿನ ಪಂದ್ಯಗಳಿಗೆ ವಿಧಿಸಿರುವ ಕ್ರಮವೆಂದರೆ ಐದು ಮಿನಿಟುಗಳ ಹೆಚ್ಚಿನ ಆಟ. ಆಗ ಪ್ರತಿಪಕ್ಷದಲ್ಲಿಯೂ ಮೂವರೇ ಆಡತಕ್ಕದ್ದು. ಮೊದಲ ಗೋಲಿಗೆ ಆಟ ಮುಗಿಯತಕ್ಕದ್ದು. ಆಟಗಾರರು ಕಡಮೆಯಾದಷ್ಟೂ ಅಂಗಣವು ತೆರವಾಗಿ ಗೋಲುಗಳು ಬೇಗ ಬೀಳುವುವೆಂಬುದು ಇದರ ತರ್ಕ. ಆಗಲೂ ಗೋಲು ಬೀಳದಿದ್ದಲ್ಲಿ ರಾಷ್ಟ್ರೀಯ ಲೆಕ್ಕಕ್ಕೆ ಅದು ಸಮಫಲವೇ. ಆದರೆ ಪಾರಿತೋಷಕವನ್ನು ಎರಡಾಗಿ ಒಡೆಯಲಾಗದಷ್ಟೆ! ಆದ್ದರಿಂದ ಒಬ್ಬೊಬ್ಬನೇ ಬಂದು ಗೋಲುಕಾಯುವವನನ್ನು ಎದುರಿಸುವ ‘ಷೂಟ್‌ಔಟ್’ ನಡೆಯುತ್ತದೆ. ಅದರ ಫಲವು ಆ ಪಂದ್ಯಾವಳಿಗೆ ಮಾತ್ರ ಸಲ್ಲುತ್ತದೆ. 2023ರಲ್ಲಿ ಆದದ್ದು ಇದೇ.

ಇದು ಷೂಟ್‌ಔಟಿನಿಂದಲೇ ಉಂಟಾದ ತೊಡಕಲ್ಲ. 2020ರ ಬೀನ್‌ಪಾಟ್ ಅಂತಿಮ ಪಂದ್ಯದಲ್ಲಿ ಐದು ಮಿನಿಟುಗಳ ಹೆಚ್ಚಿನ ಆಟ ಕಳೆದ ಮೇಲೆ ಎರಡನೆಯ ಹೆಚ್ಚಿನ ಅವಧಿಯಲ್ಲಿ ನಾರ್ತ್ಈಸ್ಟರ್ನ್ ತಂಡವು ಬಾಸ್ಟನ್ ವಿಶ್ವವಿದ್ಯಾನಿಲಯವನ್ನು 5–4ರಿಂದ ಗೆದ್ದಿತು. ಅದು ಆಟದಿಂದಲೇ ಬಂದ ಗೋಲು. ಆದರೂ ರಾಷ್ಟ್ರೀಯ ದಾಖಲೆಯಲ್ಲಿ 4–4. ಇದನ್ನು ಕೇವಲ ಗುಮಾಸ್ತರ ಸೂಕ್ಷ್ಮತೆಯೆಂದು ತಳ್ಳಿಹಾಕಲಾಗದು. ಪುರುಷರ ರಾಷ್ಟ್ರೀಯ ಪಂದ್ಯಾವಳಿಗೆ ಹದಿನಾರು ತಂಡಗಳಿಗಷ್ಟೇ ಪ್ರವೇಶವುಂಟು; ತಮ್ಮ ಮಂಡಲದ ಪ್ರಶಸ್ತಿಯನ್ನು ಗೆಲ್ಲದ ತಂಡಗಳ ಭವಿಷ್ಯವು ಋತುವಿನ ಫಲಿತಾಂಶಗಳ ಗಣನೆಯನ್ನೇ ನಂಬಿದೆ. ಒಂದು ತಂಡಕ್ಕೆ ಅಪರಿಮಿತ ಕಾಲದಲ್ಲಿ ಗೆಲ್ಲುವ ಅವಕಾಶವಿತ್ತು, ಇನ್ನೊಂದಕ್ಕೆ ಐದೇ ಮಿನಿಟು ಎಂದಾದರೆ ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು. ಈ ದೃಷ್ಟಿಯಿಂದ ಎರಡು ಬಗೆಯ ದಾಖಲೆಯು ನಮಗೆ ಸಾಧುವಾಗಿಯೇ ತೋರುತ್ತದೆ.

ರಾಷ್ಟ್ರೀಯ ಪಂದ್ಯಾವಳಿಯ ನಿಯಮವೇ ಬೇರೆ. ಅಲ್ಲಿ ಐವರಿಗೆ ಐವರು, ಇಪ್ಪತ್ತಿಪ್ಪತ್ತು ಮಿನಿಟುಗಳ ಅವಧಿಗಳು, ಗೋಲು ಬೀಳುವವರೆಗೆ. ಆಟದ ಸ್ವರೂಪವು ಕೆಡುವುದಿಲ್ಲವೆಂಬುದು ಇದರ ಗುಣ. ದೇಹಶ್ರಮಕ್ಕೆ ಮಿತಿಯಿಲ್ಲವೆಂಬುದು ದೋಷ. ಒಂದು ಅವಧಿಯು ಗೋಲಿಲ್ಲದೆ ಕಳೆಯುವ ಸಂಭವವು ಅರ್ಧವೆಂದು ಊಹಿಸಿಕೊಂಡರೆ, ಐದನೆಯ ಹೆಚ್ಚಿನ ಅವಧಿಯನ್ನು ಮುಟ್ಟುವ ಸಂಭವವು ಹದಿನಾರರಲ್ಲಿ ಒಂದು. ಇದು ವಿರಳವೇ ಹೊರತು ಅಸಂಭವವಲ್ಲ. 2007ರಲ್ಲಿ ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ವಿಸ್ಕಾನ್ಸಿನ್ ತಂಡವು ಹಾರ್ವರ್ಡನ್ನು ಸೋಲಿಸಿದ ಪಂದ್ಯದ ಏಕೈಕ ಗೋಲು ನಾಲ್ಕನೆಯ ಹೆಚ್ಚಿನ ಅವಧಿಯಲ್ಲಿ ಬಂದಿತು.

ಮಂಡಲಗಳ ಅಂತಿಮ ಸುತ್ತುಗಳಲ್ಲಿಯೂ ಈ ದೀರ್ಘ ಕ್ರಮವೇ ರೂಢಿಯಲ್ಲಿದೆ. 2015ರ ಮಾರ್ಚ್ 6ರಂದು ನೋಟರ್ ಡೇಮ್ ತಂಡದ ಅಂಗಣದಲ್ಲಿ ಆರಂಭವಾದ ಪಂದ್ಯವು ಐದನೆಯ ಹೆಚ್ಚಿನ ಅವಧಿಯವರೆಗೆ ಬೆಳೆದು, 151 ಮಿನಿಟು 42 ಸೆಕೆಂಡುಗಳ ಆಟವಾದ ಮೇಲೆ ಮ್ಯಾಸಚೂಸೆಟ್ಸ್ ತಂಡದ 4–3ರ ಗೆಲುವಿನಲ್ಲಿ ಮುಗಿಯಿತು. ಆದರೆ ಅದು ಮೂರು ಪಂದ್ಯಗಳ ಸರಣಿಯ ಮೊದಲನೆಯದು. ಉಳಿದೆರಡನ್ನೂ ನೋಟರ್ ಡೇಮ್ ಗೆದ್ದುಕೊಂಡು ಮುಂದಿನ ಸುತ್ತಿಗೆ ನಡೆಯಿತು.