ಬಿಗಿದ ಕೈಕಾಲುಗಳ ಮಗುವೂ ಮನೆವಾರ್ತೆಯೂ

ಸ್ಮರಣ ಸಂಚಿಕೆಗಾಗಿ ಗೃಹಕೃತ್ಯವನ್ನು ಕುರಿತು ಒಂದು ಲೇಖನವನ್ನು ಬರೆದು ಕೊಡಬೇಕೆಂದು ಕೇಳಿದಾಗ ನಾವು ಹಿಂಜರಿದೆವು. ಅಡಿಗೆ, ಹೊಲಿಗೆ, ಕೈತೋಟ ಮೊದಲಾದವುಗಳ ವಿಷಯದಲ್ಲಿ ನಮಗಿಂತ ಚೆನ್ನಾಗಿ ಬರೆಯಬಲ್ಲ ಹಳೇ ವಿದ್ಯಾರ್ಥಿನಿಯರು ಈ ಶಾಲೆಗೆ ಬಹು ಮಂದಿ ಉಂಟು. ಆದರೆ ಒಂದು ಸಂಗತಿಯನ್ನು ಮಾತ್ರ ನಾವು ದಿನದಿನವೂ ಕಲಿಯುತ್ತಿದ್ದೇವೆ. ನಮ್ಮ ಕಿರಿಯ ಮಗಳಿಗೆ ಈಗ ಆರು ವರುಷ. ಆಕೆಗೆ ಸೆರೆಬ್ರಲ್ ಪಾಲ್ಸಿ ಎಂಬ ಅಂಗವೈಕಲ್ಯವಿದೆ. ಇಂಥ ಮಗುವಿರುವ ಮನೆಯಲ್ಲಿ ಬೆಳಗಿನಿಂದ ರಾತ್ರಿಯ ವರೆಗೆ ಏನೇನು ನಡೆಯುವದು, ಯಾಕೆ ಹಾಗೆ ನಡೆಯುವದು ಎಂಬದನ್ನು ತಿಳಿಸಿದರೆ ಯಾರಿಗಾದರೂ ಉಪಯೋಗವಾದೀತೆಂದು ಎಣಿಸಿದೆವು. ಯಾಕಂದರೆ ಸಾವಿರ ಶಿಶುಗಳು ಹುಟ್ಟಿದಲ್ಲಿ ಸುಮಾರು 2 ಅಥವಾ 3 ಶಿಶುಗಳಿಗೆ ಈ ತೊಂದರೆ ಇರುವದೆಂದು ಲೆಕ್ಕ. ವಾಚಕರ ನೆರೆಮನೆಯಲ್ಲಿಯೇ ಅಂಥ ಒಂದು ಮಗು ಇದ್ದರೆ ಆಶ್ಚರ್ಯವಿಲ್ಲ.

ನಮ್ಮ ಓಣಿಯವರು ಇದನ್ನು ಲಕ್ವ ಎನ್ನುತ್ತಾರೆ. ಆ ಮಾತು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಕೈಕಾಲುಗಳಲ್ಲಿ ದೋಷವೇನೂ ಇಲ್ಲ. ಅವುಗಳನ್ನು ಆಳುವ ಮಿದುಳಿನಲ್ಲಿ, ಜನನಕ್ಕೆ ಮುಂಚೆ, ಇಲ್ಲವೆ ಜನನಕಾಲದಲ್ಲಿ, ಇಲ್ಲವೆ ಸ್ವಲ್ಪ ಕಾಲದ ತರುವಾಯ ಗಾಯವೋ ಕೊರತೆಯೋ ಉಂಟಾಗಿರುತ್ತದೆ. ದಿನ ತುಂಬುವ ಮುಂಚೆ ಹುಟ್ಟುವದು, ಅತಿ ಕಡಿಮೆ ತೂಕ, ಹುಟ್ಟುವಾಗ ಉಸಿರು ಕಟ್ಟುವದು, ಶಿಶುವಿಗೆ ಬರುವ ತೀವ್ರ ಕಾಮಾಲೆ, ಮಿದುಳುಪೊರೆಯ ಜ್ವರ ಇವು ಕಾರಣಗಳಲ್ಲಿ ಕೆಲವು. ಆ ಗಾಯವು ಹೆಚ್ಚುತ್ತಾ ಹೋಗುವದಿಲ್ಲ. ಆದರೆ ಮಗು ಬೆಳೆದಂತೆಲ್ಲಾ ಬಿಗಿದ ಸ್ನಾಯುಗಳು ಎಲುಬಿನೊಂದಿಗೆ ಸಮನಾಗಿ ಬೆಳೆಯದೆ ಕೀಲುಗಳನ್ನು ಎಳೆದು ಮುದುಡಿಸುತ್ತವೆ. ಆದದರಿಂದಲೇ ದಿನದ ಆರೈಕೆಗೆ ಇಷ್ಟು ಮಹತ್ವ. ಲಂಡನ್ನಿನ ವೈದ್ಯರಾದ ವಿಲಿಯಂ ಜಾನ್ ಲಿಟ್ಲ್ ಎಂಬವರು 1861ರಲ್ಲಿ ಕಷ್ಟಪ್ರಸವಕ್ಕೂ ಇಂಥ ಬಿಗಿತಕ್ಕೂ ಸಂಬಂಧವಿದೆಯೆಂದು ತೋರಿಸಿದರು. ಮನಶ್ಶಾಸ್ತ್ರದಿಂದ ಪ್ರಸಿದ್ಧರಾದ ಸಿಗ್ಮಂಡ್ ಫ್ರಾಯ್ಡರು 1897ರಲ್ಲಿ, ದೋಷವು ಅನೇಕ ಸಾರಿ ಗರ್ಭದಲ್ಲಿಯೇ ಹುಟ್ಟಿರಬಹುದು, ಕಷ್ಟಪ್ರಸವವು ಅದರ ಪರಿಣಾಮವಾಗಿದ್ದೀತು ಎಂದು ಬರೆದರು. ಈಗಿನ ವೈದ್ಯರು ಎರಡರಲ್ಲಿಯೂ ನಿಜಾಂಶವುಂಟೆಂದು ಹೇಳುತ್ತಾರೆ. ಗ್ರಹಣದ ದಿನ ತಾಯಿ ಹೊರಗೆ ಬಂದಳು, ತಿನ್ನಬಾರದ್ದನ್ನು ತಿಂದಳು ಎಂಬ ಮಾತುಗಳು ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲ. ಆದಾಗ್ಯೂ ಆ ಮಾತುಗಳನ್ನು ನಾವು ನಮ್ಮ ಬಂಧುಗಳ ಬಾಯಿಂದಲೇ ಕೇಳಬೇಕಾಯಿತು.

ನಮ್ಮ ಮಗು ಏಳು ತಿಂಗಳು ತುಂಬಿದೊಡನೆ ಹುಟ್ಟಿತು. ತೂಕ 1 ಕಿಲೋ 400 ಗ್ರಾಂ. ಆರನೆಯ ತಿಂಗಳಲ್ಲಿ ಕುತ್ತಿಗೆ ನಿಲ್ಲಲಿಲ್ಲ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿದೇ ಇರುವದು. ಎತ್ತಿ ನಿಲ್ಲಿಸಿದರೆ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬರುವವು. ಕೆಲವು ಮಕ್ಕಳು ತಡವಾಗಿಯೇ ಕೂತುಕೊಳ್ಳುತ್ತವೆಂದು ಎಲ್ಲರೂ ಸಮಾಧಾನ ಹೇಳಿದರು. ಆ ಸಮಾಧಾನವು ನಮಗೂ ಬೇಕಾಗಿತ್ತು. ಹೀಗೆ ಹನ್ನೊಂದನೆಯ ತಿಂಗಳ ಪರ್ಯಂತರ ಕಾದೆವು. ಕಾದದ್ದು ನಮ್ಮ ತಪ್ಪು. ಮೊದಲಿನ ತಿಂಗಳುಗಳಲ್ಲಿ ಮಿದುಳು ಹೊಸದನ್ನು ಕಲಿಯುವಷ್ಟು ಸುಲಭವಾಗಿ ಮುಂದೆ ಕಲಿಯುವದಿಲ್ಲ. ಇದನ್ನು ಓದುವ ತಾಯಿಯೊಬ್ಬಳಿಗೆ ಅಂಥ ಸಂಶಯವಿದ್ದರೆ ಆಕೆ ನೆರೆಯವರ ಸಮಾಧಾನವನ್ನು ಬದಿಗಿಟ್ಟು ಮಕ್ಕಳ ವೈದ್ಯರ ಬಳಿಗೆ ಹೋಗತಕ್ಕದ್ದು.

ಇನ್ನು ದಿನಚರಿ. ಮೊದಲು ಎತ್ತಿಕೊಳ್ಳುವ ವಿಷಯ. ನಮ್ಮ ನಾಡಿನಲ್ಲಿ ಮಗುವನ್ನು ಸೊಂಟದ ಮೇಲೆ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಬರುವಂತೆ ಕೂರಿಸಿಕೊಳ್ಳುವ ಪದ್ಧತಿಯುಂಟಷ್ಟೆ. ಫಿಜಿಯೋಥೆರಪಿಯವರು ನಮಗೆ ಮೊದಲು ಹೇಳಿದ್ದು ಇದನ್ನೇ. ಕತ್ತರಿಯ ಹಾಗೆ ಕೂಡುವ ಕಾಲುಗಳು ಈ ಭಂಗಿಯಲ್ಲಿ ಬಿಡಿಸಿಕೊಳ್ಳುತ್ತವೆ, ಬೆನ್ನು ನೆಟ್ಟಗಾಗುತ್ತದೆ, ಮಗು ಮನೆಯನ್ನೆಲ್ಲಾ ನೋಡುತ್ತದೆ. ನಾವೋ, ಕೂಸು ಅಶಕ್ತವಾದದ್ದೆಂದು ಅಂಗಾತವಾಗಿ ಎರಡು ಕೈಗಳ ಮೇಲೆ ಹೊತ್ತು ತಿರುಗುತ್ತಿದ್ದೆವು. ಆಕೆಗೆ ಕಂಡದ್ದು ತೊಲೆಜಂತಿಗಳು ಮಾತ್ರ.

ಸ್ನಾನದ ಕೆಲಸ ಅಜ್ಜಿಯದು. ಎಣ್ಣೆ ಹಚ್ಚುವದರಿಂದ ಕೇಡಿಲ್ಲ. ಬೆಚ್ಚನೆಯ ನೀರು ಬಿಗಿದ ಸ್ನಾಯುಗಳನ್ನು ಕೊಂಚ ಹೊತ್ತಿನ ಮಟ್ಟಿಗೆ ಸಡಿಲಿಸುವದು. ಆದರೆ ಎರೆಯಲು ಬರುತ್ತಿದ್ದ ಮುದುಕಿಯು ಕಾಲುಗಳನ್ನು ಜಗ್ಗಿ ನೆಟ್ಟಗೆ ಮಾಡುವೆನೆಂದು ಹಟ ತೊಟ್ಟಿದ್ದಳು. ಬಿಗಿದ ಕಾಲನ್ನು ಥಟ್ಟನೆ ಎಳೆದರೆ ಅದು ಇನ್ನಷ್ಟು ಬಿಗಿಯುವದೇ ಈ ರೋಗದ ಲಕ್ಷಣ. ಮೆಲ್ಲನೆ, ಮೊಣಕಾಲನ್ನು ಮೊದಲು ಮಡಚಿ, ತರುವಾಯ ಹೊರಗಡೆಗೆ ತಿರುಗಿಸುತ್ತಾ ಬಿಡಿಸಬೇಕು. ಅಜ್ಜಿಯು ಇದನ್ನು ಎರಡೇ ದಿನಗಳಲ್ಲಿ ಕಲಿತಳು. ನಮಗೆ ಎರಡು ತಿಂಗಳು ಹಿಡಿಯಿತು. ಅಂಗಿ ತೊಡಿಸುವಾಗ ಹೆಚ್ಚು ಬಿಗಿದ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಕಳಚುವಾಗ ಅದನ್ನು ಕಡೆಗೆ ತೆಗೆಯಬೇಕು. ಚಿಕ್ಕ ಸಂಗತಿಯೇ ಸರಿ. ಆದರೆ ಶಾಲೆಯ ಗಂಟೆಗೆ ಹಿರಿಯ ಮಗಳನ್ನು ಕಳುಹಿಸಬೇಕಾದ ಬೆಳಿಗ್ಗೆಗಳಲ್ಲಿ ಈ ಒಂದು ಯುಕ್ತಿಯಿಂದ ಹತ್ತು ನಿಮಿಷಗಳೂ ಒಂದು ಅಳುವೂ ಉಳಿಯುವವು.

ಎಲ್ಲಕ್ಕಿಂತಲೂ ಹೆಚ್ಚು ಹೊತ್ತನ್ನು ತೆಗೆದುಕೊಳ್ಳುವದು ಊಟ. ಒಂದು ಊಟಕ್ಕೆ ಮುಕ್ಕಾಲು ತಾಸು. ದಿನಕ್ಕೆ ನಾಲ್ಕು ಸಾರಿ. ಯಾಕೆಂದರೆ ನಾಲಿಗೆ, ತುಟಿ, ಗಂಟಲುಗಳ ಸ್ನಾಯುಗಳೂ ಮಿದುಳಿನ ಆಳಿಕೆಗೆ ಒಳಪಟ್ಟವೇ. ಮೊದಲು ಅಜ್ಜಿಯು ರೂಢಿಯಂತೆ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಒಳಲೆಯಿಂದ ಹಾಲನ್ನು ಹೊಯ್ಯುತ್ತಿದ್ದಳು. ಹಾಲು ಒಳಗೆ ಹೋಗುತ್ತಿತ್ತು, ಮಗು ಕೆಮ್ಮುತ್ತಿತ್ತು. ಮೊದಲ ವರುಷದಲ್ಲಿ ಎರಡು ಸಾರಿ ನ್ಯುಮೋನಿಯ ಆಗಿ ಆಸ್ಪತ್ರೆಯಲ್ಲಿ ಇರಬೇಕಾಯಿತು. ತಲೆ ಹಿಂದಕ್ಕೆ ಬಾಗಿದಾಗ ಉಸಿರಿನ ದಾರಿಯು ತೆರೆದುಕೊಳ್ಳುವದರಿಂದ ಹಾಲು ಹೊಟ್ಟೆಯ ಬದಲಾಗಿ ಶ್ವಾಸಕೋಶಕ್ಕೆ ಇಳಿಯಬಹುದೆಂದು ಅಲ್ಲಿ ತಿಳಿಸಿದರು. ಅಂದು ರಾತ್ರಿ ಅಜ್ಜಿಯು ಊಟ ಮಾಡಲಿಲ್ಲ. ನಾಲ್ಕು ಮಕ್ಕಳನ್ನೂ ಆರು ಮೊಮ್ಮಕ್ಕಳನ್ನೂ ಅದೇ ಒಳಲೆಯಿಂದ ಬೆಳೆಸಿದವಳು ಆಕೆ. ಆಕೆಯ ಕೈಯಲ್ಲಿ ದೋಷವಿರಲಿಲ್ಲ. ಈ ಮಗುವಿನ ಗಂಟಲು ಬೇರೆ ಜಾತಿಯದು, ಅಷ್ಟೇ. ಇದನ್ನು ಆಕೆಗೆ ಹೇಳಿ ನಂಬಿಸುವದು ಮಗುವಿಗೆ ಉಣ್ಣಿಸುವದಕ್ಕಿಂತ ಕಷ್ಟವಾಯಿತು.

ಈಗ ಮಗುವನ್ನು ನೆಟ್ಟಗೆ ಕೂರಿಸಿ, ಗದ್ದವನ್ನು ಕೊಂಚ ಕೆಳಗೆ ಬಾಗಿಸಿ, ಎದುರಿಗೆ ಆಕೆಯ ಕಣ್ಣಿನ ಎತ್ತರದಲ್ಲಿಯೇ ಕೂತು ಉಣ್ಣಿಸುತ್ತೇವೆ. ಎತ್ತರದಲ್ಲಿ ನಿಂತು ಉಣ್ಣಿಸಿದರೆ ಮಗು ತಲೆಯೆತ್ತುವದು; ಮತ್ತೆ ಅದೇ ಅಪಾಯ. ಚಿಕ್ಕದೂ ಚಪ್ಪಟೆಯೂ ಆದ ಚಮಚ ಬೇಕು. ತೆಳುವಾದದ್ದು ಸುಲಭವೆಂದು ಎಣಿಸುವದು ಸಹಜ, ಆದರೆ ನೀರೇ ಎಲ್ಲಕ್ಕಿಂತ ಕಠಿಣ. ಅದು ಗಂಟಲಿಗೆ ಸಿದ್ಧವಾಗಲು ಸಮಯ ಕೊಡುವದಿಲ್ಲ. ಗಟ್ಟಿಯಾದ ಗಂಜಿ, ಬೇಳೆಯಲ್ಲಿ ನೆನೆಸಿ ಮಿದ್ದ ರೊಟ್ಟಿ, ಮೊಸರನ್ನ ಇವು ನಮ್ಮ ಮನೆಯಲ್ಲಿ ಹಿಡಿದಿವೆ. ಉಂಡ ಮೇಲೆ ಅರ್ಧ ತಾಸು ಮಲಗಿಸುವದಿಲ್ಲ. ಒಳಲೆಯನ್ನು ಅಜ್ಜಿಯು ತೊಳೆದು ಮೇಲಿನ ಗೂಡಿನಲ್ಲಿಟ್ಟಿದ್ದಾಳೆ.

ಕೂರಿಸುವದಕ್ಕೆ ಮೊದಲು ಬೆಲೆಯುಳ್ಳ ಕುರ್ಚಿಯನ್ನು ನೋಡಿ ಹೆದರಿದೆವು. ಆಮೇಲೆ ತಿಳಿದದ್ದೇನೆಂದರೆ, ಎರಡು ಗೋಡೆಗಳು ಕೂಡುವ ಮೂಲೆಯೇ ಒಳ್ಳೇ ಕುರ್ಚಿ. ಮೂಲೆಯು ಭುಜಗಳನ್ನು ಮುಂದಕ್ಕೆ ತರುವದು, ಕೈಗಳು ಎದುರಿಗೆ ಬರುವವು. ತರುವಾಯ ನಮ್ಮ ಬಡಿಗನು ಅಂಥದೇ ಮೂಲೆಯುಳ್ಳ ಒಂದು ಆಸನವನ್ನು ಮಾಡಿಕೊಟ್ಟನು. ಅಂಗಾಲುಗಳು ಪೂರ್ತಿ ಊರಬೇಕು, ಮೊಣಕಾಲು ಸಮಕೋನವಾಗಿರಬೇಕು; ಅಳತೆ ತಪ್ಪಿದರೆ ಆಸನವೇ ಉಪದ್ರವ. ವರುಷಕ್ಕೊಂದು ಸಾರಿ ಆತನು ಬಂದು ಕಾಲುಮಣೆಯನ್ನು ಇಳಿಸಿ ಹೋಗುತ್ತಾನೆ. ಬೆಳೆದಿದ್ದಾಳೆಂದು ಹೇಳುವವರಲ್ಲಿ ಆತನೇ ಮೊದಲಿಗನು.

ಥಟ್ಟನೆ ಬರುವ ಸದ್ದು ಇಂಥ ಮಗುವಿನ ಮೈಯನ್ನೆಲ್ಲಾ ಬಿಗಿಯುವದು. ಕುಕ್ಕರಿನ ಸೀಟಿಗೆ ಮುಂಚೆ ನಮ್ಮಲ್ಲಿ ಯಾರಾದರೊಬ್ಬರು, “ಈಗ ಕೂಗುತ್ತದೆ” ಎಂದು ಆಕೆಗೆ ಹೇಳುವದುಂಟು. ಹೇಳಿದರೆ ಬಿಗಿಯುವದು ಕಡಿಮೆ, ನಗುವದು ಹೆಚ್ಚು. ದೀಪಾವಳಿಯ ಮೂರು ದಿನ ಮಾತ್ರ ನಮ್ಮ ಹೇಳಿಕೆ ಯಾವ ಉಪಯೋಗಕ್ಕೂ ಬಾರದು.

ಮೈ ಬಿಗಿದಿರುವವರ ಬುದ್ಧಿಯೂ ಬಿಗಿದಿದೆಯೆಂದು ಜನರು ಊಹಿಸುವರು. ಹಾಗಲ್ಲ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬುದ್ಧಿಯ ಬೆಳವಣಿಗೆಯಲ್ಲಿಯೂ ಕೊರತೆ ಇರುವದು. ಉಳಿದ ಅರ್ಧಕ್ಕೆ ಇಲ್ಲ. ಮಾತು ಬಾರದ ಮಗು ಯಾವ ಅರ್ಧಕ್ಕೆ ಸೇರಿದ್ದೆಂದು ಹೊರಗಿನಿಂದ ಹೇಳುವದು ಸುಲಭವಲ್ಲ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಕರೆದುಕೊಂಡು ಹೋದಾಗ, ಮಾತು ಬರುವ ವರೆಗೆ ಕಾಯದೆ ಚಿತ್ರಗಳಿಂದ ಮಾತಾಡಿಸಿರೆಂದು ಕಲಿಸಿದರು. ಹಿರಿಯ ಮಗಳು ಹಳೇ ಕ್ಯಾಲೆಂಡರುಗಳಿಂದಲೂ ತನ್ನ ಪುಸ್ತಕಗಳಿಂದಲೂ ಚಿತ್ರಗಳನ್ನು ಕತ್ತರಿಸಿ ಒಂದು ರಟ್ಟಿಗೆ ಅಂಟಿಸಿದಳು. ಹೌದು ಎಂಬದಕ್ಕೆ ಮಗು ಕಣ್ಣನ್ನು ಮೇಲಕ್ಕೆ ಎತ್ತುತ್ತದೆ. ಹಾಲು, ನೀರು, ಹಾಸಿಗೆ ಎಂದು ನಾವು ತೋರಿಸುತ್ತಾ ಹೋದೆವು. ಆಕೆಯ ಕಣ್ಣು ಏಳಲಿಲ್ಲ. ಅಕ್ಕನ ಚಿತ್ರಕ್ಕೆ ಎದ್ದಿತು. ಆಮೇಲೆ ರಿಬ್ಬನ್ನಿನ ಚಿತ್ರಕ್ಕೆ ಎದ್ದಿತು. ಪ್ರತಿದಿನ ಬೆಳಿಗ್ಗೆ ಅಕ್ಕನ ಜಡೆ ಹೆಣೆಯುವ ಹೊತ್ತಿಗೆ ಈಕೆ ಅಳುತ್ತಿದ್ದದ್ದನ್ನು ಹಸಿವೆಂದು ತಿಳಿದು ನಾವು ಎರಡು ವರುಷ ಗಂಜಿ ಕುಡಿಸಿದ್ದೆವು! ಮರುದಿನ ಕೆಂಪು ರಿಬ್ಬನ್ನು ಎರಡು ತಲೆಗಳಿಗೆ ಬಂತು.

ಅಕ್ಕನ ವಿಷಯದಲ್ಲಿ ನಾವು ಹೇಳದೆ ಬಿಡಬಾರದ ಒಂದು ಸಂಗತಿಯುಂಟು. ಆಕೆ ಎಂಟನೆಯ ತರಗತಿಯಲ್ಲಿ ಇದೇ ಶಾಲೆಗೆ ಸೇರಿದ ವರುಷ, “ನಮ್ಮ ಮನೆ” ಎಂದು ಬರೆದಿದ್ದ ಪ್ರಬಂಧವು ನಮ್ಮ ಕಣ್ಣಿಗೆ ಬಿತ್ತು. ಅದರಲ್ಲಿ ತಂದೆ, ತಾಯಿ, ಅಜ್ಜಿ, ಅಂಗಳದ ನಿಂಬೆಯ ಗಿಡ ಎಲ್ಲವೂ ಇದ್ದವು, ತಂಗಿ ಇರಲಿಲ್ಲ. ಶಿಕ್ಷಕಿಯರು ಒಳ್ಳೇ ಗುಣಗಳನ್ನು ಕೊಟ್ಟಿದ್ದರು. ನಾವು ಏನನ್ನೂ ಕೇಳಲಿಲ್ಲ. ಆದರೆ ಆ ವರೆಗೆ ಆಕೆಯ ಒಂದು ವಾರ್ಷಿಕೋತ್ಸವಕ್ಕೂ ನಾವಿಬ್ಬರೂ ಕೂಡಿ ಹೋಗಿರಲಿಲ್ಲವೆಂಬದು ಅಂದು ಲೆಕ್ಕಕ್ಕೆ ಬಂತು. ಬಂದವರೆಲ್ಲಾ ಮೊದಲು ಕಿರಿಯವಳನ್ನೇ ವಿಚಾರಿಸುವರು. ಹಿರಿಯವಳಿಗೆ ಜ್ವರ ಬಂದರೂ, “ನೀನು ಜಾಣೆ, ಸುಮ್ಮನೆ ಮಲಗಿಕೋ” ಎಂದು ನಾವೇ ಎಷ್ಟು ಸಾರಿ ಹೇಳಿಲ್ಲ? ಈಗ ಶನಿವಾರದ ಸಾಯಂಕಾಲ ಅಜ್ಜಿಯೂ ನೆರೆಮನೆಯವರೂ ಕಿರಿಯವಳ ಬಳಿ ಇರುತ್ತಾರೆ. ಎರಡು ತಾಸು ಹಿರಿಯವಳದು. ಎಲ್ಲಿಗೆ ಹೋಗಬೇಕೆಂದು ಆಕೆಯೇ ಹೇಳತಕ್ಕದ್ದು. ಹೆಚ್ಚಾಗಿ ಬಸ್ ನಿಲ್ದಾಣದ ಹತ್ತಿರದ ಐಸ್‌ಕ್ರೀಮ್ ಅಂಗಡಿಗೇ.

ಚಿಕಿತ್ಸೆಯ ಹೆಸರಿನಲ್ಲಿ ನಾವು ಕಳೆದುಕೊಂಡ ಹಣದ ಕಥೆಯನ್ನು ಬೆಳೆಸುವದಿಲ್ಲ. ಗುಣಮಾಡುವೆವೆಂದು ಮುಂಗಡ ಕೇಳುವವರನ್ನು ನಂಬಬಾರದು. ಬಿಗಿತವನ್ನು ತಗ್ಗಿಸುವ ಔಷಧಗಳೂ ಶಸ್ತ್ರಕ್ರಿಯೆಗಳೂ ಉಂಟು, ಮಿದುಳಿನ ಗಾಯವನ್ನು ಅಳಿಸುವದು ಈ ವರೆಗೆ ಇಲ್ಲ. ಸೊಂಟದ ಕೀಲು ಜಾರುವ ಭಯವಿರುವದರಿಂದ ವೈದ್ಯರು ಹೇಳಿದ ಕಾಲಕ್ಕೆ ಎಕ್ಸ್‌ರೇ ತೆಗೆಸುವದನ್ನು ಮಾತ್ರ ತಪ್ಪಿಸಬಾರದು. ಬೆಂಗಳೂರಿನಲ್ಲಿ 1980ರಿಂದ ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಎಂಬ ಸಂಸ್ಥೆಯು ಇಂಥ ಮಕ್ಕಳಿಗಾಗಿಯೇ ಕೆಲಸ ಮಾಡುತ್ತಿದೆ. 1999ರ ಕಾಯಿದೆಯಿಂದ ಹುಟ್ಟಿದ ರಾಷ್ಟ್ರೀಯ ನ್ಯಾಸದ ನಿರಾಮಯ ಎಂಬ ವಿಮೆಯಿಂದ ವರುಷಕ್ಕೆ 1 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ವೆಚ್ಚ ದೊರೆಯುವದು. ಅಂಗವೈಕಲ್ಯದ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿರಬೇಕು. ಅದಿಲ್ಲದೆ ಯಾವ ಬಾಗಿಲೂ ತೆರೆಯದು.

ಆ ಪತ್ರದ ಅಗತ್ಯವು ನಮಗೆ ತೋರಿದ್ದು ಶಾಲೆಯ ವಿಷಯದಲ್ಲಿ. 2016ರ ಕಾಯಿದೆಯ ಪ್ರಕಾರ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರುಷಗಳ ವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತಾನು ಆರಿಸಿಕೊಂಡಲ್ಲಿ, ಉಚಿತ ವಿದ್ಯಾಭ್ಯಾಸದ ಹಕ್ಕುಂಟು. ನಾವು ಮೊದಲು ಹೋದ ಶಾಲೆಯವರು ಕಾಯಿದೆಯನ್ನು ಅಲ್ಲಗಳೆಯಲಿಲ್ಲ. ಉಳಿದ ಮಕ್ಕಳ ತಂದೆತಾಯಿಗಳು ಒಪ್ಪಲಾರರೆಂದು ಮಾತ್ರ ಹೇಳಿ ಚಹ ತರಿಸಿದರು. ಚಹವನ್ನು ಕುಡಿದು ಬಂದೆವು. ಅಂದು ಹಿರಿಯವಳು ಚಿತ್ರದ ರಟ್ಟಿಗೆ ಇನ್ನೊಂದು ಚಿತ್ರವನ್ನು ಅಂಟಿಸಿದಳು: ಒಂದು ಶಾಲೆಯ ಚಿತ್ರ. ಅಂಟಿಸಬೇಡವೆಂದು ಹೇಳುವಷ್ಟರಲ್ಲಿ ಕಿರಿಯವಳ ಕಣ್ಣು ಮೇಲಕ್ಕೆ ಎದ್ದಾಗಿತ್ತು.

ಎರಡನೆಯ ಶಾಲೆಯು ನಮ್ಮ ಮನೆಗೆ ಎರಡು ಓಣಿಗಳಾಚೆ. ಅಲ್ಲಿಯ ಮುಖ್ಯೋಪಾಧ್ಯಾಯಿನಿಯವರು ಮಗು ಏನು ಮಾಡಲಾರದು ಎಂದು ಕೇಳಲಿಲ್ಲ. ಊಟಕ್ಕೆ ಎಷ್ಟು ಹೊತ್ತು ಬೇಕು, ಹೌದು ಎಂಬದನ್ನು ಹೇಗೆ ಹೇಳುತ್ತಾಳೆ, ಆಸನವನ್ನು ತರಗತಿಯಲ್ಲಿಯೇ ಬಿಡಬಹುದೇ ಎಂದು ಕೇಳಿ ಬರೆದುಕೊಂಡರು. ಬಾಗಿಲಿಗೆ ನಾಲ್ಕು ಮೆಟ್ಟಲುಗಳಿವೆ. ಕಳೆದ ಭಾನುವಾರ ಬಡಿಗನು ನಮ್ಮೊಂದಿಗೆ ಬಂದು ಅಳೆದನು: ಪ್ರತಿಯೊಂದು ಆರು ಅಂಗುಲ, ಒಟ್ಟು ಎರಡು ಅಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿಗಳ ಇಳಿಜಾರು ಬೇಕೆಂಬ ಲೆಕ್ಕದಿಂದ ಇಪ್ಪತ್ತನಾಲ್ಕು ಅಡಿಗಳ ಹಲಗೆಯಾಗುವದು. ಅಂಗಳವಿರುವದು ಹದಿನೆಂಟೇ ಅಡಿ. ಗೋಡೆಯ ಬದಿಯಿಂದ ಒಂದು ತಿರುವು ಕೊಟ್ಟರೆ ಕೂಡೀತೆಂದು ಬಡಿಗನು ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು ತೋರಿಸಿದ್ದಾನೆ. ಶಾಲೆಯು ಜೂನ್ ತಿಂಗಳಿನಲ್ಲಿ ತೆರೆಯುವದು.