ಆರಕ್ಷಕರ ಪೈಪೋಟಿಯೂ ನಮ್ಮ ನಗೆಯೂ

ನಗರದ ಕಾವಲು ಕಾಯಬೇಕಾದ ಇಬ್ಬರು ಅಧಿಕಾರಿಗಳು ನಡುಬೀದಿಯಲ್ಲಿ ಒಬ್ಬರೊಡನೊಬ್ಬರು ಜಗಳಕ್ಕೆ ನಿಂತರೆ, ನೋಡುವವರಿಗೆ ನಗು ಬರುವುದೇಕೆ? ಈ ಪ್ರಶ್ನೆಗೂ ಕನ್ನಡಿಗರಾದ ನಮಗೂ ಒಂದು ಹಳೆಯ ನಂಟುಂಟು. ಶೂದ್ರಕನ ‘ಮೃಚ್ಛಕಟಿಕ’ವು ಹತ್ತು ಅಂಕಗಳ ಸಂಸ್ಕೃತ ನಾಟಕ. ಅದರ ಆರನೆಯ ಅಂಕದಲ್ಲಿ ಇಂತಹುದೇ ಒಂದು ಜಗಳ ನಡೆಯುತ್ತದೆ. ಜಗಳವನ್ನು ಬೇಕೆಂದೇ ತೆಗೆಯುವ ಅಧಿಕಾರಿಯು ತನ್ನ ಉಪಾಯಕ್ಕೆ ಕೊಡುವ ಹೆಸರು ‘ಕರ್ಣಾಟ ಕಲಹ’!

ಕಥೆಯ ಸಂದರ್ಭವನ್ನು ಮೊದಲು ತಿಳಿಯೋಣ. ಉಜ್ಜಯಿನಿಯ ಅರಸನಾದ ಪಾಲಕನು ಸೆರೆಯಲ್ಲಿಟ್ಟಿದ್ದ ಆರ್ಯಕನೆಂಬ ಗೊಲ್ಲರ ಯುವಕನು ತಪ್ಪಿಸಿಕೊಂಡು ಚಾರುದತ್ತನ ಬಂಡಿಯಲ್ಲಿ ಅಡಗಿ ಹೋಗುತ್ತಿರುವನು. ವೀರಕ ಮತ್ತು ಚಂದನಕ ಎಂಬ ಇಬ್ಬರು ಕಾವಲಧಿಕಾರಿಗಳು ಆ ಬಂಡಿಯನ್ನು ತಡೆಯುವರು. ಚಂದನಕನು ಹತ್ತಿ ನೋಡುವನು. ಶರಣು ಬೇಡಿದ ಆರ್ಯಕನಿಗೆ ಅಭಯವನ್ನಿತ್ತು ಕೆಳಗಿಳಿಯುವನು. ಆದರೆ ಮಾತನಾಡುವಾಗ ನಾಲಗೆ ತಡವರಿಸಿ ‘ಆರ್ಯಕ’ ಎಂಬ ಹೆಸರೇ ಹೊರಬಿದ್ದು, ಒಡನೆಯೇ ಅದನ್ನು ತಿದ್ದಿ, ಒಳಗಿರುವವಳು ಆರ್ಯೆ ವಸಂತಸೇನೆಯೆಂದು ಹೇಳುವನು. ವೀರಕನಿಗೆ ಸಂಶಯ ಬರುವುದು. ತಾವು ದಕ್ಷಿಣದವರು, ತಮ್ಮ ಉಚ್ಚಾರವೇ ಅಸ್ಪಷ್ಟವೆಂದು ಚಂದನಕನು ನೆಪ ಹೂಡುವನು. ವೀರಕನು ತಾನೇ ನೋಡುವೆನೆಂದು ಹಟ ಹಿಡಿದಾಗ, ತಾನು ಪರೀಕ್ಷಿಸಿದುದನ್ನು ಮತ್ತೆ ಪರೀಕ್ಷಿಸಲು ಅವನಾರು ಎಂದು ‘ಕರ್ಣಾಟ ಕಲಹ’ವನ್ನು ಆರಂಭಿಸುವನು. ಕೊನೆಗೆ ವೀರಕನ ಜುಟ್ಟು ಹಿಡಿದೆಳೆದು ಒದೆಯುವವರೆಗೆ ಅದು ಮುಂದುವರಿಯುತ್ತದೆ. ಇತ್ತ ಬಂಡಿ ಪಾರಾಗುತ್ತದೆ.

ಈಗ ನಮ್ಮ ಕಾಲಕ್ಕೆ ಬರೋಣ. ಅಮೆರಿಕದಲ್ಲಿ 2013ರಿಂದ 2021ರವರೆಗೆ ಪ್ರಸಾರವಾದ ‘ಬ್ರೂಕ್ಲಿನ್ ನೈನ್-ನೈನ್’ ಎಂಬ ದೂರದರ್ಶನದ ಹಾಸ್ಯಮಾಲೆಯು ನ್ಯೂಯಾರ್ಕಿನ ಒಂದು ಪೊಲೀಸ್ ಠಾಣೆಯ ಕಥೆ. ಅದರ ಮೊದಲ ಆವೃತ್ತಿಯಲ್ಲಿ ಜೇಕ್ ಪೆರಾಲ್ಟಾ ಮತ್ತು ಏಮಿ ಸ್ಯಾಂಟಿಯಾಗೊ ಎಂಬ ಪತ್ತೇದಾರರು, ಹೆಚ್ಚು ಜನರನ್ನು ಬಂಧಿಸುವವರು ಯಾರೆಂದು ಪಂತ ಕಟ್ಟುವರು. ಏಮಿ ಗೆದ್ದರೆ ಜೇಕನ ಕಾರು ಅವಳದು. ಜೇಕ್ ಗೆದ್ದರೆ ಅವಳು ಒಂದು ಸಂಜೆ ಅವನೊಡನೆ ತಿರುಗಾಟಕ್ಕೆ ಹೋಗಬೇಕು. ಶೂದ್ರಕನಿಗೂ ಈ ಮಾಲೆಯ ಲೇಖಕರಿಗೂ ನಡುವೆ ಹಲವು ಶತಮಾನಗಳ ಅಂತರವಿದ್ದರೂ, ಒಂದೇ ದರ್ಜೆಯ, ಒಂದೇ ಕೆಲಸದ ಇಬ್ಬರನ್ನು ಎದುರುಬದುರು ನಿಲ್ಲಿಸುವ ಉಪಾಯ ಮಾತ್ರ ಒಂದೇ. ಇದೇಕೆ ಹೀಗೆ?

ಮನಶ್ಶಾಸ್ತ್ರಜ್ಞರು ಇದಕ್ಕೆ ಉತ್ತರವನ್ನು ಹುಡುಕಿದ್ದಾರೆ. ಗ್ಯಾವಿನ್ ಕಿಲ್ಡಫ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಪೈಪೋಟಿಯು ಬೆಳೆಯುವುದು ಪರಸ್ಪರ ಹೋಲುವವರ, ಸಮಬಲರ ಹಾಗೂ ಪದೇ ಪದೇ ಎದುರಾಗುವವರ ನಡುವೆ. ಅರಸನಿಗೂ ಕಾವಲಿನವನಿಗೂ ಪೈಪೋಟಿಯಿಲ್ಲ. ಒಂದೇ ಠಾಣೆಯ ಇಬ್ಬರಿಗೆ ಮಾತ್ರ ಉಂಟು.

ಪೈಪೋಟಿಯು ಕೆಲಸವನ್ನು ಚುರುಕುಗೊಳಿಸುವುದೇ? 1898ರಲ್ಲಿ ನಾರ್ಮನ್ ಟ್ರಿಪ್ಲೆಟ್ ಎಂಬಾತನು 40 ಮಕ್ಕಳಿಗೆ ಮೀನು ಹಿಡಿಯುವ ಗಾಣದ ದಾರದ ರಾಟೆಯನ್ನು ತಿರುಗಿಸಲು ಕೊಟ್ಟು, ಒಂಟಿಯಾಗಿಯೂ ಜೊತೆಯವರ ಸ್ಪರ್ಧೆಯಲ್ಲಿಯೂ ಅವರ ವೇಗವನ್ನು ಅಳೆದನು. ಸ್ಪರ್ಧೆಯಲ್ಲಿ 20 ಮಕ್ಕಳು ಚುರುಕಾದರು. 10 ಮಕ್ಕಳು ಹಿಂದೆಬಿದ್ದರು. ಉಳಿದ 10 ಮಕ್ಕಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಈ ಒಗಟಿಗೆ 1965ರಲ್ಲಿ ರಾಬರ್ಟ್ ಝಯಾಂಕ್ ಒಂದು ವಿವರಣೆಯನ್ನು ಕೊಟ್ಟನು: ಇತರರ ಸನ್ನಿಧಿಯು ಚೆನ್ನಾಗಿ ರೂಢಿಯಾದ ಕೆಲಸವನ್ನು ಸುಗಮಗೊಳಿಸುತ್ತದೆ, ಹೊಸತಾಗಿ ಕಲಿಯುತ್ತಿರುವ ಕೆಲಸವನ್ನು ಕೆಡಿಸುತ್ತದೆ.

ಕಲಬುರಗಿಯಿಂದ ಕಮಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಪನೂರ ಸಿಗುತ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ತೊಗರಿಯನ್ನು ಬೇಳೆ ಮಾಡುವ ಗಿರಣಿಗಳುಂಟು. ಲಾರಿಗೆ ಚೀಲ ಏರಿಸುವ ಇಬ್ಬರು ಅನುಭವಿ ಹಮಾಲರನ್ನು ಊಹಿಸಿಕೊಳ್ಳಿ. ಒಬ್ಬನು ನೋಡುತ್ತಿದ್ದಾನೆಂದರೆ ಇನ್ನೊಬ್ಬನ ಹೆಜ್ಜೆ ಬಿರುಸಾಗುತ್ತದೆ. ಅದೇ ಹಮಾಲನನ್ನು ಗುಮಾಸ್ತರ ಕುರ್ಚಿಯಲ್ಲಿ ಕೂರಿಸಿ, ಗೆಳೆಯನ ಎದುರಿನಲ್ಲಿ ಲೆಕ್ಕ ಬರೆಯಲು ಹೇಳಿದರೆ ಕೈ ತಡವರಿಸುವುದು. ಹಾಸ್ಯಲೇಖಕರು ಪಾತ್ರಗಳನ್ನು ಬೇಕೆಂದೇ ಸಿಕ್ಕಿಸುವುದು ಈ ಎರಡನೆಯ ಸ್ಥಿತಿಯಲ್ಲಿ. ಚಂದನಕನ ನಾಲಗೆ ತಪ್ಪಿದುದೂ ಎದುರಾಳಿಯ ಮುಂದೆ ರೂಢಿಯಿಲ್ಲದ ಸುಳ್ಳನ್ನು ಹೇಳಬೇಕಾಗಿ ಬಂದಾಗಲೇ ಅಲ್ಲವೆ?

ತಪ್ಪುಗಳೆಲ್ಲವೂ ನಗಿಸುವುದಿಲ್ಲವಷ್ಟೆ. 2010ರಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ ಎಂಬವರು ಮಂಡಿಸಿದ ಸಿದ್ಧಾಂತದ ತಿರುಳು ಹೀಗಿದೆ: ಯಾವುದೋ ಒಂದು ಕಟ್ಟಳೆ ಮುರಿಯಬೇಕು, ಆ ಮುರಿತದಿಂದ ಕೇಡಿಲ್ಲವೆಂಬ ಭಾವನೆಯೂ ಅದೇ ಕ್ಷಣದಲ್ಲಿ ಇರಬೇಕು. ಎರಡೂ ಕೂಡಿದಾಗ ನಗೆ ಹುಟ್ಟುತ್ತದೆ. ಶಿಸ್ತಿನ ಸಮವಸ್ತ್ರ ಧರಿಸಿದವರು ಮಕ್ಕಳಂತೆ ಜಗಳವಾಡಿದರೆ ಕಟ್ಟಳೆ ಮುರಿಯಿತು. ಯಾರಿಗೂ ಪೆಟ್ಟಾಗಲಿಲ್ಲವೆಂದರೆ ನಗು ಬಂದಿತು. ಅಧಿಕಾರವೆಂದರೆ ನಮಗೆಲ್ಲ ಒಳಗೊಳಗೆ ಅಂಜಿಕೆ ಇರುವುದರಿಂದ ಈ ನಗುವಿನಲ್ಲಿ ಬಿಡುಗಡೆಯ ರುಚಿಯೂ ಉಂಟು.

ಈ ‘ಕೇಡಿಲ್ಲದಿರುವಿಕೆ’ಯನ್ನು ಭೌತಶಾಸ್ತ್ರದ ಒಂದು ಸರಳ ಚಿತ್ರದಿಂದ ವಿವರಿಸಬಹುದು. ಬೋಗುಣಿಯ ತಳದಲ್ಲಿ ಒಂದು ಗೋಲಿಯನ್ನಿಟ್ಟು ಬೆರಳಿನಿಂದ ತಳ್ಳಿರಿ. ಅದು ಅತ್ತಿತ್ತ ಹೊರಳಾಡಿ ಮರಳಿ ತಳಕ್ಕೇ ಬಂದು ನಿಲ್ಲುತ್ತದೆ. ಇದು ಸ್ಥಿರ ಸಮತೋಲ. ಅದೇ ಬೋಗುಣಿಯನ್ನು ಕವುಚಿ ಅದರ ನೆತ್ತಿಯ ಮೇಲೆ ಗೋಲಿಯನ್ನಿಟ್ಟರೆ, ಸ್ವಲ್ಪ ತಳ್ಳಿದರೂ ಸಾಕು, ಉರುಳಿ ಹೋಗುವುದು, ಮರಳುವುದಿಲ್ಲ. ಇದು ಅಸ್ಥಿರ ಸಮತೋಲ. ಹಾಸ್ಯಮಾಲೆಯ ಠಾಣೆ ನೆಟ್ಟಗಿರುವ ಬೋಗುಣಿಯಂತೆ. ಒಂದು ಕಂತಿನ ಪಂತ, ಕೋಪ, ಸೋಲು ಏನೇ ಇರಲಿ, ಕೊನೆಯಲ್ಲಿ ಎಲ್ಲರೂ ತಮ್ಮ ತಮ್ಮ ಮೇಜಿಗೆ ಮರಳುವರು. ಜೇಕ್ ಪಂತವನ್ನು ಗೆದ್ದನು. ಮುಂದೆ ಕೆಲವು ವರ್ಷಗಳ ನಂತರ ಆ ಪ್ರತಿಸ್ಪರ್ಧಿಗಳು ಮದುವೆಯನ್ನೂ ಆದರು.

ಶೂದ್ರಕನ ಹಿರಿಮೆಯೆಂದರೆ ಅವನು ಬೋಗುಣಿಯನ್ನು ನಮಗೆ ತಿಳಿಯದಂತೆ ಕವುಚಿಡುತ್ತಾನೆ. ಒದೆ ತಿಂದ ವೀರಕನು ಒಂಬತ್ತನೆಯ ಅಂಕದಲ್ಲಿ ದೂರು ಕೊಡಲು ನ್ಯಾಯಸಭೆಗೆ ಬರುವನು. ಅಲ್ಲಿ ಚಾರುದತ್ತನ ಮೇಲೆ ವಸಂತಸೇನೆಯ ಕೊಲೆಯ ಆರೋಪ ನಡೆಯುತ್ತಿದೆ. ಚಾರುದತ್ತನ ಬಂಡಿಯಲ್ಲಿ ವಸಂತಸೇನೆ ಉದ್ಯಾನಕ್ಕೆ ಹೋಗುತ್ತಿದ್ದಳೆಂದು ವೀರಕನು ತಾನು ಕೇಳಿದುದನ್ನೇ ಪ್ರಾಮಾಣಿಕವಾಗಿ ನುಡಿಯುವನು. ಅಂದು ಬೀದಿಯಲ್ಲಿ ನಮ್ಮನ್ನು ನಗಿಸಿದ ಸುಳ್ಳು ಇಂದು ನಿರಪರಾಧಿಯ ಕೊರಳಿಗೆ ಸಾಕ್ಷ್ಯವಾಗುತ್ತದೆ. ಚಾರುದತ್ತನು ವಧಾಸ್ಥಾನದವರೆಗೆ ಹೋಗಿ ಬದುಕುವನು, ಆರ್ಯಕನು ಅರಸನಾಗುವನು, ಚಂದನಕನಿಗೆ ದಂಡಪಾಲಕರ ಮುಖ್ಯಸ್ಥನ ಪದವಿ ಸಿಗುವುದು. ಒಂದು ಜಗಳವು ಒಬ್ಬನ ಪ್ರಾಣವನ್ನುಳಿಸಿ ಇನ್ನೊಬ್ಬನ ಪ್ರಾಣಕ್ಕೆ ಎರವಾಗಹೊರಟ ಕಥೆಯಿದು. ಇನ್ನೊಂದು ಮಾತು: ಆ ಜಗಳದಲ್ಲಿ ಅವರಿಬ್ಬರೂ ಒಬ್ಬರ ಹುಟ್ಟನ್ನೊಬ್ಬರು ಹಂಗಿಸುವರು. ಅಂದಿನ ಸಭಿಕರು ಅದಕ್ಕೂ ನಕ್ಕಿರಬಹುದು; ಅದರಿಂದಾಗುವ ಕೇಡನ್ನು ಬಲ್ಲ ಇಂದಿನವರು ನಗಲಾರರು. ನಗೆಯ ಎಲ್ಲೆಯೂ ಕಾಲದೊಡನೆ ಸರಿಯುತ್ತದೆ.

ಅದಕ್ಕೆ ಇತ್ತೀಚಿನ ನಿದರ್ಶನವೂ ಉಂಟು. 2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬವರು ಪೊಲೀಸರ ಕೈಯಲ್ಲಿ ಹತರಾದರು. ‘ಬ್ರೂಕ್ಲಿನ್ ನೈನ್-ನೈನ್’ ಮಾಲೆಯ ಮುಂದಿನ ಆವೃತ್ತಿಗೆ ಬರೆದು ಮುಗಿಸಿದ್ದ ನಾಲ್ಕು ಕಂತುಗಳನ್ನು ಕೈಬಿಟ್ಟು ಹೊಸದಾಗಿ ಆರಂಭಿಸಲಾಯಿತೆಂದು ಅದರ ನಟ ಟೆರ್ರಿ ಕ್ರೂಸ್ ತಿಳಿಸಿದರು. ಹೆಚ್ಚು ಬಂಧನಗಳಿಗಾಗಿ ಪಂತ ಕಟ್ಟುವುದನ್ನು ಕಂಡು ನಕ್ಕವರಿಗೆ, ಬಂಧಿತನಾದವನೂ ಒಬ್ಬ ಮನುಷ್ಯನೆಂಬುದು ಥಟ್ಟನೆ ನೆನಪಾಗಿತ್ತು.

ಪೈಪೋಟಿಯು ಕೆಟ್ಟದ್ದೆಂದು ಇದರಿಂದ ತಿಳಿಯಬೇಕಾಗಿಲ್ಲ. ಆದರೆ ಪ್ರತಿಸ್ಪರ್ಧಿಯ ಎದುರಿನಲ್ಲಿ ಮನುಷ್ಯರು ಅನ್ಯಾಯದ ದಾರಿಗೆ ಹೆಚ್ಚು ಸುಲಭವಾಗಿ ಇಳಿಯುವರೆಂದು ಕಿಲ್ಡಫ್ ಮತ್ತು ಸಂಗಡಿಗರ 2016ರ ಅಧ್ಯಯನವು ತೋರಿಸಿದೆ. ಪಕ್ಕದ ಮೇಜಿನವನಿಗಿಂತ ಮೊದಲು ಮುಗಿಸಬೇಕೆಂಬ ಆತುರದಲ್ಲಿ, ಲೋಲಕದ ಆಂದೋಲನಗಳನ್ನು ಎಣಿಸದೆಯೇ ಅಂಕಿಗಳನ್ನು ಬರೆದುಕೊಳ್ಳುವ ವಿದ್ಯಾರ್ಥಿಯನ್ನು ಯಾವ ಪ್ರಯೋಗಶಾಲೆ ಕಂಡಿಲ್ಲ? ಅವನ ಅವಸರವನ್ನು ಕಂಡು ಗೆಳೆಯರು ನಗಬಹುದು. ಮುಂದೆ ಅವನು ಸೇತುವೆ ಕಟ್ಟುವ ಇಂಜಿನಿಯರನೋ, ಸಾಕ್ಷ್ಯ ಬರೆದುಕೊಳ್ಳುವ ಅಧಿಕಾರಿಯೋ ಆದಾಗಲೂ ಅದೇ ಅಭ್ಯಾಸ ಉಳಿದರೆ ನಗುವವರಿರುವುದಿಲ್ಲ. ಮುಂದಿನ ಸಲ ಠಾಣೆಯ ಹಾಸ್ಯವನ್ನು ನೋಡುವಾಗ ಮನಸಾರೆ ನಗಿರಿ. ನಕ್ಕ ಬಳಿಕ, ಈ ಪಂತದಲ್ಲಿ ಕಳೆದುಕೊಳ್ಳುವವರು ಪಂತ ಕಟ್ಟಿದವರೇ ಅಥವಾ ಬಂಡಿಯ ಒಡೆಯನೇ ಎಂದು ಒಮ್ಮೆ ಕೇಳಿಕೊಳ್ಳಿರಿ.