ಸಂತೆಯ ಸೊಪ್ಪಿಗೆ ನಸುಕಿನ ಕೊಯ್ಲೇಕೆ?

ಏಪ್ರಿಲ್-ಮೇ ತಿಂಗಳಲ್ಲಿ ಸಂತೆಗೆ ಒಯ್ಯುವ ಸೊಪ್ಪನ್ನು ರೈತರು ಬೆಳಕು ಹರಿಯುವ ಮೊದಲೇ ಕೊಯ್ಯುವುದೇಕೆ?

ಬಿಸಿಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳು ತೆರೆದಿದ್ದು, ಬೇರು ಹೀರುವುದಕ್ಕಿಂತ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ರಾತ್ರಿ ಅವು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ, ಬೇರು ಮಾತ್ರ ನೀರೆಳೆಯುತ್ತಲೇ ಇರುತ್ತದೆ. ಹಾಗಾಗಿ ನಸುಕಿನ ಹೊತ್ತಿಗೆ ಪ್ರತಿ ಜೀವಕೋಶವೂ ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಬಿಗಿಯಾಗಿರುತ್ತದೆ. ಎಳೆ ದಂಟು ಆಗ ಪಟ್ಟನೆ ಮುರಿಯುತ್ತದೆ, ಮಧ್ಯಾಹ್ನವಾದರೆ ಬಾಗುತ್ತದೆ. ಮಧ್ಯಾಹ್ನವೇ ಕೊಯ್ದು ನೀರು ಚಿಮುಕಿಸಿದರಾಗದೇ ಎನ್ನಬಹುದು. ಬಾಡಿದ್ದು ಒಂದಿಷ್ಟು ಚೇತರಿಸೀತು, ನಿಜ. ಆದರೆ ಕೊಯ್ದ ಮೇಲೂ ಸೊಪ್ಪು ಉಸಿರಾಡುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಉಸಿರಾಟ ಸುಮಾರು ಎರಡು-ಮೂರು ಪಟ್ಟಾಗಿ, ಎಲೆಯಲ್ಲಿ ಕೂಡಿಟ್ಟ ಸಕ್ಕರೆ ಬೇಗ ಮುಗಿಯುತ್ತದೆ. ಬಿಸಿ ಕಟ್ಟಿನೊಳಗೆ ನಿಂತ ನೀರು ಕೊಳೆಯುವಿಕೆಗೂ ದಾರಿ. ಶೀತಲಗೃಹವಿಲ್ಲದ ಸಣ್ಣ ರೈತರಿಗೆ ನಸುಕಿನ ತಂಪೇ ದೊಡ್ಡ ಆಸರೆ. ಮೇಲೆ ಹೊದಿಸಿದ ಒದ್ದೆ ಗೋಣಿಯ ತೇವ ಆವಿಯಾಗುತ್ತ ಆ ತಂಪನ್ನು ಇನ್ನಷ್ಟು ಹೊತ್ತು ಕಾಯುತ್ತದೆ.